ಡಿಸ್ಕ್ ಲಾಕ್ ತೆಗೆಯಲು ಮರೆತು ಗಾಡಿ ಓಡಿಸಿದರೆ ಏನಾಗುತ್ತದೆ? ಇದು ಮರೆವಿನ ಕಾಯಿಲೆಯ ಲಕ್ಷಣವೇ?

ಮಾರ್ಕೆಟ್‌ನಲ್ಲಿ ತರಕಾರಿ ಕೊಂಡು, ಚೀಲವನ್ನು ಟ್ಯಾಂಕ್ ಮೇಲಿಟ್ಟು, ಗಾಡಿ ಸ್ಟಾರ್ಟ್ ಮಾಡಿ ಹೊರಟಿರಿ. ನಾಲ್ಕು ಅಡಿ ಹೋಗುವಷ್ಟರಲ್ಲಿ 'ಟಕ್' ಎಂದು ಸದ್ದು. ಮುಂದಿನ ಚಕ್ರ ನಿಂತೇಬಿಟ್ಟಿತು, ಗಾಡಿ ಪಕ್ಕಕ್ಕೆ ಉರುಳಿತು, ತರಕಾರಿ ರಸ್ತೆ ಪಾಲು. ಬಗ್ಗಿ ನೋಡಿದರೆ, ನೀವೇ ಹಾಕಿದ ಡಿಸ್ಕ್ ಲಾಕ್ ಅಲ್ಲೇ ಇದೆ!

ನಮ್ಮ ತಂಡದ ಸದಸ್ಯರೊಬ್ಬರ ತಂದೆಗೆ ಕಳೆದ ಮಳೆಗಾಲದಲ್ಲಿ ಹೀಗೇ ಆಯಿತು. ಮೊಣಕೈ ತರಚಿದ್ದು ವಾರದಲ್ಲಿ ಮಾಯಿತು. ಆದರೆ "ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯ್ತೇನೋ" ಎಂದು ಮನೆಯವರು ಆಡಿದ ಮಾತು ಮಾಯಲಿಲ್ಲ. ಅವರು ಎರಡು ತಿಂಗಳು ಗಾಡಿಯನ್ನೇ ಮುಟ್ಟಲಿಲ್ಲ.

ಈ ವಿಷಯದಲ್ಲಿ ನಾವು ಆಗಾಗ ಕೇಳುವ ಮಾತುಗಳು ಮೂರು: ನಿಧಾನವಾಗಿ ಹೊರಟರೆ ಏನೂ ಆಗುವುದಿಲ್ಲ, ಎಬಿಎಸ್ ಇರುವ ಬೈಕ್‌ನಲ್ಲಿ ಚಕ್ರ ಲಾಕ್ ಆಗುವುದಿಲ್ಲ, ಪದೇ ಪದೇ ಹೀಗಾದರೆ ಅದು ಮರೆವಿನ ಕಾಯಿಲೆ. ಇವು ನಿಜವೇ? ಒಂದೊಂದಾಗಿ ನೋಡೋಣ.

ಡಿಸ್ಕ್ ಲಾಕ್ ಗಾಡಿಯನ್ನು ಹೇಗೆ ತಡೆಯುತ್ತದೆ?

ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯೇ ಡಿಸ್ಕ್. ಅದರಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಲಾಕ್‌ನ ಪಿನ್ ಇಂಥ ಒಂದು ತೂತಿನೊಳಗೆ ಕೂರುತ್ತದೆ. ಚಕ್ರ ತಿರುಗಿದಾಗ ಲಾಕ್ ಕೂಡ ಸುತ್ತುತ್ತಾ ಹೋಗಿ ಬ್ರೇಕ್ ಕ್ಯಾಲಿಪರ್‌ಗೋ (ಬ್ರೇಕ್ ಪ್ಯಾಡ್ ಇರುವ ಭಾಗ) ಮುಂದಿನ ಫೋರ್ಕ್‌ಗೋ ಬಡಿಯುತ್ತದೆ. ಅಲ್ಲಿಗೆ ಚಕ್ರ ನಿಂತಂತೆ.

ಗಮನಿಸಿ: ಚಕ್ರ ನಿಲ್ಲುವುದು ಲಾಕ್ ಬಡಿದ ಮೇಲೆ, ಅದಕ್ಕೂ ಮೊದಲಲ್ಲ. 17 ಇಂಚಿನ ಚಕ್ರದ ಸಾಮಾನ್ಯ ಬೈಕ್ ಒಂದು ಸುತ್ತಿಗೆ ಸುಮಾರು 1.9 ಮೀಟರ್, ಅಂದರೆ ಆರು ಅಡಿ ಮುಂದೆ ಹೋಗುತ್ತದೆ. ಲಾಕ್ ಕ್ಯಾಲಿಪರ್‌ನಿಂದ ದೂರದ ತೂತಿನಲ್ಲಿದ್ದರೆ, ನೀವು ಆ ಆರು ಅಡಿಯಲ್ಲಿ ವೇಗ ಪಡೆದುಕೊಂಡ ಮೇಲೆ ಹೊಡೆತ ಬೀಳುತ್ತದೆ.

'ನಿಧಾನವಾಗಿ ಹೊರಟರೆ ಏನೂ ಆಗುವುದಿಲ್ಲ': ಪೂರ್ತಿ ನಿಜವಲ್ಲ

ದ್ವಿಚಕ್ರ ವಾಹನ ಬೀಳದೆ ನಿಲ್ಲುವುದೇ ಓಡುತ್ತಿರುವುದರಿಂದ. ನಿಧಾನವಾಗಿದ್ದಾಗ ಹ್ಯಾಂಡಲ್ ಅನ್ನು ಆಚೆ ಈಚೆ ತಿರುಗಿಸುತ್ತಾ ನಾವೇ ಸಮತೋಲನ ಕಾಯುತ್ತೇವೆ. ಪಾರ್ಕಿಂಗ್‌ನಿಂದ ಹೊರಗೆ ಬರುವಾಗ ಹ್ಯಾಂಡಲ್ ಸಾಮಾನ್ಯವಾಗಿ ಒಂದು ಕಡೆ ತಿರುಗಿರುತ್ತದೆ, ಕಾಲು ಆಗಷ್ಟೇ ನೆಲ ಬಿಟ್ಟಿರುತ್ತದೆ. ಆ ಕ್ಷಣದಲ್ಲಿ ಮುಂದಿನ ಚಕ್ರ ನಿಂತರೆ ನೂರು ಕಿಲೋ ಮೀರಿದ ಗಾಡಿ ಪಕ್ಕಕ್ಕೆ ಉರುಳುತ್ತದೆ. ಬೀಳುವಾಗ ಕೈ ಊರಿದರೆ ಮಣಿಕಟ್ಟಿಗೆ, ಗಾಡಿ ಮೇಲೆ ಬಿದ್ದರೆ ಕಾಲಿಗೆ ಪೆಟ್ಟು. ಹಿಂದೆ ಮಗುವೋ ವಯಸ್ಸಾದವರೋ ಕೂತಿದ್ದರೆ ಅಪಾಯ ಇನ್ನೂ ಹೆಚ್ಚು.

'ಎಬಿಎಸ್ ಇದೆ, ಚಕ್ರ ಲಾಕ್ ಆಗಲ್ಲ': ಸುಳ್ಳು

ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಆದರೆ ಎಬಿಎಸ್ ಮಾಡುವ ಕೆಲಸ ಒಂದೇ: ಬ್ರೇಕ್ ಆಯಿಲ್‌ನ ಒತ್ತಡವನ್ನು ಕಡಿಮೆ ಮಾಡಿ, ಮತ್ತೆ ಹೆಚ್ಚಿಸಿ ಚಕ್ರ ಜಾರದಂತೆ ನೋಡಿಕೊಳ್ಳುವುದು. ಇಲ್ಲಿ ಚಕ್ರವನ್ನು ತಡೆದಿರುವುದು ಬ್ರೇಕ್ ಅಲ್ಲ, ಕಬ್ಬಿಣದ ತುಂಡು. ಅದನ್ನು ಎಬಿಎಸ್ ಬಿಡಿಸಲಾರದು. ಮೇಲಾಗಿ ಎಬಿಎಸ್ ಸೆನ್ಸರ್ ಚಕ್ರದ ನಡುಭಾಗದಲ್ಲಿ, ಡಿಸ್ಕ್ ಪಕ್ಕದಲ್ಲೇ ಇರುತ್ತದೆ. ಲಾಕ್ ಬಡಿದರೆ ಅದಕ್ಕೂ ಅದರ ವೈರ್‌ಗೂ ಏಟು ಬೀಳಬಹುದು.

ಇದು ಮರೆವಿನ ಕಾಯಿಲೆಯೇ?

ಅಪರೂಪಕ್ಕೆ ಹೀಗಾದರೆ, ಅಲ್ಲ. ನಮ್ಮ ನೆನಪು ಒಂದೇ ಬಗೆಯದಲ್ಲ. ಶಾಲೆಯಲ್ಲಿ ಕಲಿತ ಮಗ್ಗಿ ನೆನಪಿರುವುದು ಒಂದು ಬಗೆ. "ಮನೆಗೆ ಹೋಗುವಾಗ ಹಾಲು ತರಬೇಕು" ಎಂದು ಮುಂದೆ ಮಾಡಬೇಕಾದ್ದನ್ನು ಸರಿಯಾದ ಹೊತ್ತಿಗೆ ನೆನಪಿಸಿಕೊಳ್ಳುವುದು ಇನ್ನೊಂದು ಬಗೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ 'ಪ್ರಾಸ್ಪೆಕ್ಟಿವ್ ಮೆಮೊರಿ' ಎನ್ನುತ್ತಾರೆ. ಈ ನೆನಪಿಗೆ ಕಣ್ಣೆದುರು ಒಂದು ಸುಳಿವು ಬೇಕು. ಹಾಲಿನ ಅಂಗಡಿ ಕಂಡರೆ ಹಾಲು ನೆನಪಾಗುತ್ತದೆ, ಕಾಣದಿದ್ದರೆ ಮರೆಯುತ್ತದೆ.

ಡಿಸ್ಕ್ ಲಾಕ್ ಇರುವುದು ಚಕ್ರದ ನಡುವೆ, ಕೆಳಗೆ. ಸೀಟಿನ ಮೇಲೆ ಕೂತವರ ಕಣ್ಣಿಗೆ ಬೀಳುವುದೇ ಕಷ್ಟ. ಇದರ ಜೊತೆ ಅಭ್ಯಾಸಬಲವೂ ಸೇರುತ್ತದೆ. ಕೀ ತಿರುಗಿಸು, ಸೆಲ್ಫ್ ಒತ್ತು, ಗೇರ್ ಹಾಕು ಎಂಬುದನ್ನು ಸಾವಿರ ಸಲ ಮಾಡಿದ ಕೈ ಯೋಚಿಸದೆಯೇ ಮಾಡಿಬಿಡುತ್ತದೆ. ಅದೇ ಹೊತ್ತಿಗೆ ಫೋನ್ ಬಂದರೆ, ಮಳೆ ಹನಿಯತೊಡಗಿದರೆ, ಲಾಕ್ ತಲೆಯಿಂದ ಜಾರಿಹೋಗುತ್ತದೆ. ಇಂಥ ತಪ್ಪು ಇಪ್ಪತ್ತರ ಹರೆಯದವರಿಂದಲೂ ಆಗುತ್ತದೆ.

ಹ್ಯಾಂಡಲ್ ಲಾಕ್ ಜೊತೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟ. ಕೀಯಿಂದಲೇ ಹ್ಯಾಂಡಲ್ ಲಾಕ್ ಆಗುವ ಬೈಕ್‌ನಲ್ಲಿ, ಆ ಲಾಕ್ ಬಿಡಿಸದೆ ಇಗ್ನಿಷನ್ ಆನ್ ಆಗುವುದೇ ಇಲ್ಲ. ಮರೆಯಲು ಗಾಡಿಯೇ ಬಿಡುವುದಿಲ್ಲ. ಡಿಸ್ಕ್ ಲಾಕ್‌ಗೂ ಇಂಜಿನ್‌ಗೂ ಸಂಬಂಧವೇ ಇಲ್ಲ. ಅದೇ ಮೆದುಳು, ಅದೇ ಮನುಷ್ಯ. ಬೇರೆಯಾದದ್ದು ಬೀಗ ಮಾತ್ರ.

ನುರಿತ ಪೈಲಟ್‌ಗಳೂ ಮರೆತಿದ್ದರು

ನಿಂತ ವಿಮಾನಕ್ಕೂ ಒಂದು ಲಾಕ್ ಹಾಕುತ್ತಾರೆ. ಗಾಳಿಗೆ ಅದರ ಬಾಲ, ರೆಕ್ಕೆಯ ಚಲಿಸುವ ಭಾಗಗಳು ಬಡಿದುಕೊಳ್ಳದಿರಲಿ ಎಂದು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ 'ಮಾಡೆಲ್ 299' ವಿಮಾನ ಆ ಲಾಕ್ ತೆಗೆಯದೆಯೇ ಮೇಲೇರಿತು. ಹಿಡಿತಕ್ಕೆ ಸಿಗದೆ ನೆಲಕ್ಕಪ್ಪಳಿಸಿತು. ಇಬ್ಬರು ಅನುಭವಿ ಪೈಲಟ್‌ಗಳು ಪ್ರಾಣ ಕಳೆದುಕೊಂಡರು.

ಆಮೇಲೆ ಯಾರೂ "ಇನ್ನುಮುಂದೆ ಸರಿಯಾಗಿ ನೆನಪಿಟ್ಟುಕೊಳ್ಳಿ" ಎಂದು ಹೇಳಿ ಸುಮ್ಮನಾಗಲಿಲ್ಲ. ಹಾರುವ ಮುನ್ನ ಓದಿ ಪರೀಕ್ಷಿಸುವ ಚೆಕ್‌ಲಿಸ್ಟ್ ಬಳಕೆಗೆ ಬಂತು. ಅದು ಇವತ್ತಿಗೂ ಇದೆ. ವಿಮಾನದ ಪಿನ್, ಮುಚ್ಚಳಗಳಿಗೆ 'ಹಾರುವ ಮುನ್ನ ತೆಗೆಯಿರಿ' ಎಂದು ಇಂಗ್ಲಿಷಿನಲ್ಲಿ ಬರೆದ ಕೆಂಪು ಪಟ್ಟಿ ನೇತಾಡುವುದೂ ಇದೇ ಕಾರಣಕ್ಕೆ.

ಹಾಗಾದರೆ ನಾವೇನು ಮಾಡಬಹುದು?

• ರಿಮೈಂಡರ್ ಕೇಬಲ್ ಬಳಸಿ. ಬಣ್ಣದ ಈ ಸುರುಳಿ ತಂತಿಯ ಒಂದು ತುದಿ ಲಾಕ್‌ಗೆ, ಇನ್ನೊಂದು ತುದಿ ಆಕ್ಸಿಲರೇಟರ್ ಹಿಡಿಗೆ. ಕೈ ಇಟ್ಟ ಕೂಡಲೇ ನೆನಪಾಗುತ್ತದೆ.

• ಕೇಬಲ್ ಇಲ್ಲವೇ? ಲಾಕ್ ಹಾಕಿದಾಗಲೆಲ್ಲ ಕೆಂಪು ರಿಬ್ಬನ್ ಒಂದನ್ನು ಆಕ್ಸಿಲರೇಟರ್‌ಗೆ ಕಟ್ಟಿ. ಲಾಕ್ ತೆಗೆದ ಮೇಲೆಯೇ ಅದನ್ನು ಬಿಚ್ಚಿ.

• ಲಾಕ್ ಅನ್ನು ಕ್ಯಾಲಿಪರ್‌ಗೆ ತೀರಾ ಹತ್ತಿರದ ತೂತಿಗೆ ಹಾಕಿ. ಚಕ್ರ ಮುಂದೆ ತಿರುಗುವಾಗ ಡಿಸ್ಕ್ ಕ್ಯಾಲಿಪರ್ ಒಳಗೆ ಹೋಗುವ ಬದಿಯಲ್ಲಿ. ಕ್ಯಾಲಿಪರ್ ಫೋರ್ಕ್‌ನ ಹಿಂದಿದ್ದರೆ ಅದರ ಕೆಳಗಿನ ತೂತು, ಮುಂದಿದ್ದರೆ ಮೇಲಿನ ತೂತು. ಮರೆತರೂ ಗಾಡಿ ಅಲ್ಲಾಡುವ ಮುನ್ನವೇ ತಡೆಯುತ್ತದೆ.

• ಹತ್ತುವ ಮುನ್ನ ಮುಂದಿನ ಚಕ್ರ ನೋಡುವ ಅಭ್ಯಾಸ ಮಾಡಿಕೊಳ್ಳಿ, ಲಾಕ್ ಹಾಕದ ದಿನವೂ.

ಬಾದಾಮಿ ಒಳ್ಳೆಯ ಆಹಾರವೇ. ಆದರೆ "ಲಾಕ್ ಇದೆ" ಎಂದು ನೆನಪಿಸುವ ಕೆಲಸ ಅದರಿಂದಾಗದು.

ಆಗಲೇ ಹೀಗಾಗಿದ್ದರೆ?

ಗಾಡಿ ಎತ್ತಿ ಮತ್ತೆ ಹತ್ತಿ ಹೊರಡಬೇಡಿ. ಮೊದಲು ನಿಮಗೂ ಹಿಂದೆ ಕೂತವರಿಗೂ ಪೆಟ್ಟಾಗಿದೆಯೇ ನೋಡಿ. ಇಂಜಿನ್ ಆಫ್ ಮಾಡಿ, ಲಾಕ್ ತೆಗೆದು, ಗಾಡಿಯನ್ನು ತಳ್ಳಿ ನೋಡಿ. ಡಿಸ್ಕ್ ಉಜ್ಜುವ ಸದ್ದು, ಡಿಸ್ಕ್ ಸೊಟ್ಟಗಾಗಿರುವುದು, ಬ್ರೇಕ್ ಆಯಿಲ್ ಸೋರಿಕೆ, ಬ್ರೇಕ್ ಹಿಡಿದಾಗ ಲಿವರ್ ತುಡಿಯುವುದು, ಎಬಿಎಸ್ ದೀಪ ಆರದಿರುವುದು: ಇವುಗಳಲ್ಲಿ ಒಂದಿದ್ದರೂ ಓಡಿಸಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಏನೂ ಕಾಣದಿದ್ದರೂ ಒಮ್ಮೆ ತೋರಿಸುವುದು ಒಳ್ಳೆಯದು.

ವೈದ್ಯರನ್ನು ಯಾವಾಗ ಕಾಣಬೇಕು?

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದಿನಾ ಓಡಾಡುವ ದಾರಿ ತಪ್ಪುವುದು, ಹಣದ ಲೆಕ್ಕ ಅಥವಾ ಅಡುಗೆಯಂಥ ರೂಢಿಯ ಕೆಲಸ ಮಾಡಲಾಗದಿರುವುದು, ಸ್ವಭಾವ ಬದಲಾಗುವುದು: ಇಂಥವು ಕಂಡು, ಹೆಚ್ಚುತ್ತಾ ಹೋದರೆ ವೈದ್ಯರನ್ನು ಕಾಣಿ. ಬಿದ್ದಾಗ ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತೀವ್ರ ತಲೆನೋವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ

ಲಾಕ್ ಮರೆತವರ ತಲೆ ಕೆಟ್ಟಿಲ್ಲ. ನೆನಪಿಸುವ ಸುಳಿವು ಅವರ ಕಣ್ಣೆದುರು ಇರಲಿಲ್ಲ ಅಷ್ಟೇ. ನಾವು ಮೊದಲು ಹೇಳಿದ ಆ ತಂದೆ ಈಗ ಮತ್ತೆ ಗಾಡಿ ಓಡಿಸುತ್ತಿದ್ದಾರೆ. ಆಕ್ಸಿಲರೇಟರ್‌ಗೆ ಮೊಮ್ಮಗಳ ಹಳೆಯ ಕೆಂಪು ರಿಬ್ಬನ್ ಇದೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬಿದ್ದು ಬಂದರೆ, ರೇಗಿಸುವ ಬದಲು ಒಂದು ರಿಬ್ಬನ್ ಕೊಡಿ. ಈ ಮಾಹಿತಿಯನ್ನು ಗಾಡಿ ಓಡಿಸುವ ನಿಮ್ಮವರಿಗೂ ಕಳುಹಿಸಿ.