ಕೆಂಪು ಬಣ್ಣದ ಕೆಳಗೆ 1943

ಕೆಂಪು ಎಂಜಿನ್, ತಿಳಿ ಬೂದು ಬಾನೆಟ್. ದೂರದಿಂದ ಕಂಡವರು ಯಾರಾದರೂ ಫೋರ್ಡ್ 8ಎನ್ ಟ್ರ್ಯಾಕ್ಟರ್ ಅಂದುಬಿಡುತ್ತಾರೆ. ಓಹಾಯೊದ ರೈತರೊಬ್ಬರ ಮನೆಯಲ್ಲೂ ತಮ್ಮ ಟ್ರ್ಯಾಕ್ಟರನ್ನು ಅಪ್ಪನ ಕಾಲದಿಂದ ಹಾಗೇ ಕರೆಯುತ್ತಿದ್ದರು. 1947ರ ಮಧ್ಯದಿಂದ 1952ರವರೆಗೆ ತಯಾರಾದ 8ಎನ್‌ಗೆ ಕಾರ್ಖಾನೆಯಲ್ಲೇ ಈ ಎರಡು ಬಣ್ಣ ಬಳಿಯುತ್ತಿದ್ದರು ನಿಜ. ಆದರೆ ಬಣ್ಣವನ್ನು ಆಮೇಲೆ ಯಾರು ಬೇಕಾದರೂ ಬಳಿಯಬಹುದು.

ಅನುಮಾನ ಹುಟ್ಟಿದ್ದು ಸೀಟಿನಲ್ಲಿ ಕೂತಾಗ. ಬ್ರೇಕ್ ಪೆಡಲ್ ಎಡಗಾಲಿಗೊಂದು, ಬಲಗಾಲಿಗೊಂದು ಇತ್ತು. 8ಎನ್‌ನಲ್ಲಿ ಎರಡೂ ಬಲಗಡೆಗೇ ಇರುತ್ತವೆ. ಗೇರ್ ಹಾಕಿ ನೋಡಿದರೆ ಮುಂದಕ್ಕೆ ಮೂರೇ, 8ಎನ್‌ಗೆ ನಾಲ್ಕು. ಹಾಗಾದರೆ ಇದು ಅದಕ್ಕಿಂತ ಹಳೆಯದು: 1939ರಲ್ಲಿ ಬಂದ 9ಎನ್, ಇಲ್ಲವೇ 1942ರಲ್ಲಿ ಬಂದ 2ಎನ್.

ಎರಡರಲ್ಲಿ ಯಾವುದೆಂದು ತಿಳಿಯಲು ಸರಣಿ ಸಂಖ್ಯೆ ನೋಡಬೇಕು. ಅದನ್ನು ಹುಡುಕಬೇಕಾದದ್ದು ಎಂಜಿನ್ ಬ್ಲಾಕಿನ ಎಡಗಡೆ, ಹೆಡ್‌ನ ಸ್ವಲ್ಪ ಕೆಳಗೆ, ಆಯಿಲ್ ಫಿಲ್ಟರಿನ ಹಿಂದೆ. ಫೋರ್ಡ್‌ನವರು ಅಲ್ಲಿ ಕಬ್ಬಿಣದ ಮೇಲೇ ಗುದ್ದಿದ್ದರು. ಗುರುತು ಆಳವಿರುವುದಿಲ್ಲ, ಉಜ್ಜಿದರೆ ಅಳಿಸಿಯೇ ಹೋದೀತು. ಪೇಂಟ್ ರಿಮೂವರ್ ಹಚ್ಚಿ, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದೆವು. ಒಂದು ನಕ್ಷತ್ರ, 9ಎನ್, 11ರಿಂದ ಶುರುವಾಗುವ ಆರು ಅಂಕಿ, ಮತ್ತೊಂದು ನಕ್ಷತ್ರ.

ಹಾಗಿದ್ದರೆ 9ಎನ್ ತಾನೇ ಎಂದರು ರೈತರು. ಬಹಳ ಜನ ದಾರಿ ತಪ್ಪುವುದು ಇಲ್ಲೇ. 2ಎನ್ ಬಂದಾಗ ಫೋರ್ಡ್ ಗುದ್ದುವ ಅಕ್ಷರವನ್ನು ಬದಲಿಸಲೇ ಇಲ್ಲ. 2ಎನ್‌ಗಳೆಲ್ಲ 9ಎನ್ ಎಂಬ ಮುದ್ರೆ ಹೊತ್ತೇ ಹೊರಬಂದವು. ಸಂಖ್ಯೆ 99,000 ದಾಟಿದ ಮೇಲಿನವು 2ಎನ್. ನಮಗೆ ಸಿಕ್ಕ ಸಂಖ್ಯೆ ವರ್ಷವಾರು ಪಟ್ಟಿಯಲ್ಲಿ 1943ಕ್ಕೆ ಬಂತು.

ಅದು ಯುದ್ಧದ ಕಾಲ. ರಬ್ಬರ್ ಸಿಗದೆ ಆಗ ಹಲವು 2ಎನ್‌ಗಳು ಕಬ್ಬಿಣದ ಚಕ್ರದಲ್ಲೇ ಬಂದವು. ಅವುಗಳಲ್ಲಿ ಬ್ಯಾಟರಿ ಇರಲಿಲ್ಲ, ಕಿಡಿ ಹುಟ್ಟಿಸಲು ಮ್ಯಾಗ್ನೆಟೊ ಇತ್ತು, ಕೈಯಿಂದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ನಮ್ಮೆದುರಿನದರಲ್ಲಿ ಟೈರೂ ಇತ್ತು, ಬ್ಯಾಟರಿಯೂ ಇತ್ತು. ಅವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯುದ್ಧ ಮುಗಿದ ಮೇಲೆ ಹಾಗೆ ಬದಲಾಯಿಸಿಕೊಂಡವರು ಎಷ್ಟೋ ಮಂದಿ.

ನನ್ನನ್ನು ಕಾಡಿದ್ದು ಬೇರೆಯದೇ ಪ್ರಶ್ನೆ. ಸಂಖ್ಯೆ ಇರುವುದು ಎಂಜಿನ್ ಮೇಲೆ. ಎಂಜಿನ್ ಕೆಟ್ಟರೆ ಇನ್ನೊಂದನ್ನು ತಂದು ಕೂರಿಸುವುದು ರೈತರ ಮನೆಯಲ್ಲಿ ಮಾಮೂಲು. ಎಂಜಿನ್‌ನ ವಯಸ್ಸು ಗೊತ್ತಾದರೆ ಟ್ರ್ಯಾಕ್ಟರಿನ ವಯಸ್ಸು ಗೊತ್ತಾದಂತೆ ಆಗುವುದಿಲ್ಲ. ಅದಕ್ಕೇ ಕೆಳಗೆ ತೂರಿ ಗೇರ್‌ಬಾಕ್ಸಿನ, ಹಿಂದಿನ ಡಿಫರೆನ್ಷಿಯಲ್ಲಿನ ಗ್ರೀಸು ಕೆರೆದೆವು. ಎರಕ ಹೊಯ್ದ ದಿನವನ್ನು ಫೋರ್ಡ್ ಅಚ್ಚಿನಲ್ಲೇ ಬರೆಯುತ್ತಿತ್ತು: ತಿಂಗಳಿಗೆ ಒಂದು ಅಕ್ಷರ, ಆಮೇಲೆ ತಾರೀಖು, ಕೊನೆಗೆ ಇಸವಿಯ ಕೊನೆಯ ಅಂಕಿ. ಎರಡರಲ್ಲೂ ಕೊನೆಯ ಅಂಕಿ 3.

ಆ 3 ಅಂದರೆ 1953 ಯಾಕಾಗಬಾರದು ಎಂದು ರೈತರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ 8ಎನ್ ತಯಾರಿಯೇ 1952ಕ್ಕೆ ನಿಂತಿತ್ತು. ಮೂರು ಗೇರಿನ ಪೆಟ್ಟಿಗೆ ಅದಕ್ಕೂ ಐದು ವರ್ಷ ಮೊದಲೇ ನಿಂತಿತ್ತು.