ಹಳೆಯ ರಿವಾಲ್ವರಿಗೆ ಬೆಲೆ ಕಟ್ಟಿದುದು

ಹಳೆಯ ವಸ್ತುವೊಂದರ ಬೆಲೆ ನ್ಯಾಯವಾದುದೇ ಅಲ್ಲವೇ ಎಂದು ಹೇಳುವ ಕೆಲಸವನ್ನು ಯಾರಾದರೂ ನಮ್ಮ ತಲೆಗೆ ಕಟ್ಟಿದರೆ, ಆದಷ್ಟು ಬೇಗ ತಪ್ಪಿಸಿಕೊಳ್ಳುವುದೇ ಜಾಣತನ. ಮಾರುವವರಿಗೆ ನಾವು ಹೇಳಿದ ಬೆಲೆ ಕಡಮೆಯೆನಿಸುತ್ತದೆ, ಕೊಳ್ಳುವವರಿಗೆ ಹೆಚ್ಚೆನಿಸುತ್ತದೆ. ಇದು ತಿಳಿದಿದ್ದೂ ನಾನು ೨೦೨೨ರ ಮಳೆಗಾಲದಲ್ಲಿ ಅಂಥದೊಂದು ಕೆಲಸಕ್ಕೆ ಒಪ್ಪಿಕೊಂಡೆ. ವಸ್ತು ಒಂದು ರಿವಾಲ್ವರು. ಮಾರುವವರು ನನ್ನ ಸ್ನೇಹಿತನೊಬ್ಬನ ಪತ್ನಿ; ಸ್ನೇಹಿತ ಅದರ ಹಿಂದಿನ ವರ್ಷ ತೀರಿಕೊಂಡಿದ್ದ. ಕೊಳ್ಳಬಯಸಿದವನು ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರ, ಇನ್ನೂ ಮೂವತ್ತೈದು ದಾಟದ ತರುಣ. ನಾನು ಇತಿಹಾಸದ ಮೇಷ್ಟರು. ಕಾಲೇಜಿನಲ್ಲಿದ್ದಷ್ಟು ಕಾಲವೂ ಎನ್‌ಸಿಸಿಯ ಹೊಣೆ ಹೊತ್ತಿದ್ದವನು. ಬಂದೂಕನ್ನು ಬಿಚ್ಚಿ, ಒರಸಿ, ಮತ್ತೆ ಜೋಡಿಸುವುದನ್ನು ಅಲ್ಲಿ ಕಲಿತೆ. ಹಳೆಯ ಯಂತ್ರಗಳ ಹುಚ್ಚು ಮೊದಲಿನಿಂದಲೂ ಇತ್ತು. ಇಬ್ಬರಿಗೂ ನನ್ನಲ್ಲಿ ನಂಬಿಕೆಯಿದ್ದುದೇ ನನ್ನ ಕಷ್ಟಕ್ಕೆ ಕಾರಣವಾಯಿತು.

ಆಕೆ ಕೇಳಿದ್ದ ಬೆಲೆ ಐದು ಲಕ್ಷ ರೂಪಾಯಿ. ಮಾತುಕತೆಯಾಗಿ ತರುಣ ನಾಲ್ಕು ಲಕ್ಷಕ್ಕೆ ಬಂದಿದ್ದ. ಈ ಬೆಲೆಗೆ ಆಧಾರ ಆ ಮನೆಯಲ್ಲಿ ನಡೆದುಬಂದ ಒಂದು ಕಥೆ. ನನ್ನ ಸ್ನೇಹಿತನ ತಾತ ಮೈಸೂರು ಲ್ಯಾನ್ಸರ್ಸ್ ಅಶ್ವದಳದಲ್ಲಿ ಸವಾರನಾಗಿದ್ದವರು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ತುರ್ಕರ ಕೈಯಿಂದ ಹೈಫಾ ನಗರವನ್ನು ಗೆದ್ದರಷ್ಟೆ. ಆ ದಿನ ಈ ರಿವಾಲ್ವರು ತಾತನ ಸೊಂಟದಲ್ಲಿತ್ತು ಎಂಬುದು ಕಥೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಸ್ಮಾರಕವನ್ನೂ, ದೆಹಲಿಯ ತೀನ್‌ಮೂರ್ತಿ ವೃತ್ತದ ಮೂರು ಯೋಧರ ಪ್ರತಿಮೆಗಳನ್ನೂ ಕಂಡವರಿಗೆ ಈ ಕಥೆಯ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ತರುಣನ ಮನಸ್ಸನ್ನು ಗೆದ್ದುದೂ ಅದೇ.

ಒಡೆಯರು ಸತ್ತ ಬಳಿಕ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಪೊಲೀಸ್ ಠಾಣೆಯಲ್ಲಿಯೋ, ಪರವಾನಗಿ ಪಡೆದ ಅಂಗಡಿಯಲ್ಲಿಯೋ ಇರಿಸಬೇಕು. ಇದು ಅಂಗಡಿಯಲ್ಲಿತ್ತು. ಅಲ್ಲಿಗೇ ನಾವು ಮೂವರೂ ಹೋದೆವು. ಅಂಗಡಿಯವರು ವೃದ್ಧರು, ಮಿತಭಾಷಿಗಳು. ಆಯುಧವನ್ನು ಮೇಜಿನ ಮೇಲಿಡುವ ಮೊದಲು ಅದನ್ನು ಗೋಡೆಯ ಕಡೆಗೆ ತಿರುಗಿಸಿ, ನಳಿಗೆಯನ್ನು ಮಡಚಿ, ಆರು ಕೋಣೆಗಳೂ ಬರಿದಾಗಿರುವುದನ್ನು ತಾವೂ ನೋಡಿ ನನಗೂ ತೋರಿಸಿದರು. ಬೆಲೆಯ ಮಾತಿಗಿಂತ ಮೊದಲು ನಡೆಯಬೇಕಾದುದು ಇದೇ.

ಅದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಸಂಸ್ಥೆಯ ರಿವಾಲ್ವರು. ಹೆಬ್ಬೆರಳಿನಿಂದ ಅಗುಳಿಯನ್ನು ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಹಾಗೆ ಬಾಗುವಾಗ ನಕ್ಷತ್ರದ ಆಕಾರದ ಒಂದು ತಟ್ಟೆ ಮೇಲೆದ್ದು ಸುಟ್ಟ ತೋಟೆಗಳನ್ನೆಲ್ಲ ಒಮ್ಮೆಗೇ ಹೊರಕ್ಕೆ ತಳ್ಳುತ್ತದೆ. ಬ್ರಿಟಿಷ್ ಸೈನ್ಯ ೧೮೮೭ರಿಂದ ಈ ಬಗೆಯ ರಿವಾಲ್ವರುಗಳನ್ನು ಬಳಸಿತು. ಆದರೆ ಸೈನ್ಯದವು ೦.೪೫೫ ಅಂಗುಲದ ದೊಡ್ಡ ಬೋರಿನವು. ನಮ್ಮ ಮುಂದಿದ್ದುದು ೦.೩೨ರದು, ಚಿಕ್ಕದು, ಜೇಬಿನಲ್ಲಿಡಬಹುದಾದುದು.

ಈ ಅಂಕಿಯೊಂದರ ಮೇಲೆ ನಮ್ಮ ದೇಶದಲ್ಲಿ ಬೆಲೆಯ ಅರ್ಧ ಭಾಗ ನಿಂತಿದೆ. ೦.೪೫೫, ೦.೩೮೦ ಮೊದಲಾದ ಸೈನ್ಯದ ಬೋರುಗಳು ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾದವು, ೦.೩೨ ಹಾಗಲ್ಲ. ಆದ್ದರಿಂದ ಪುಸ್ತಕಗಳಲ್ಲಿ ಖ್ಯಾತಿ ಪಡೆದ ದೊಡ್ಡ ವೆಬ್ಲಿಗೆ ಇಲ್ಲಿ ಕೊಳ್ಳುವವರು ದೊರೆಯುವುದು ದುರ್ಲಭ. ಅದರ ಬಡ ತಮ್ಮನಂತಿರುವ ೦.೩೨ಕ್ಕೆ ನೂಕುನುಗ್ಗಲು. ಎರಡನೆಯ ಕಾರಣ, ೧೯೮೦ರ ದಶಕದ ನಡುವಿನಲ್ಲಿ ಖಾಸಗಿಯವರು ವಿದೇಶದ ಆಯುಧ ತರಿಸುವುದು ನಿಂತುಹೋದುದು. ಅಮೆರಿಕದಲ್ಲಿ ಕೆಲವು ನೂರು ಡಾಲರುಗಳಿಗೆ ಸಿಗುವ ಹಳೆಯ ರಿವಾಲ್ವರು ಇಲ್ಲಿ ಲಕ್ಷಗಳನ್ನು ಮುಟ್ಟುವುದು ಇದರಿಂದ. ಆ ಬೆಲೆ ಕಬ್ಬಿಣದ್ದಲ್ಲ, ಕೊರತೆಯದು. ಇನ್ನೊಂದು ಕಡೆ ಬೆಲೆಯನ್ನು ಇಳಿಸುವ ಕಾರಣಗಳೂ ಉಂಟು. ೨೦೧೯ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮೂರನೆಯದನ್ನು ಬಿಟ್ಟುಕೊಡಬೇಕಾದವರಿಂದ ಮಾರುಕಟ್ಟೆಗೆ ಒಂದಿಷ್ಟು ಸರಕು ಬಂತು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಇದೇ ಬೋರಿನ ರಿವಾಲ್ವರುಗಳು ತಯಾರಾಗುತ್ತವೆ. ೨೦೧೪ರಲ್ಲಿ ಅಲ್ಲಿಂದ ಹೊರಬಂದ, ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಆಗ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಹೊಸದು ಆ ಬೆಲೆಗೆ ಸಿಗುವಾಗ ಹಳೆಯದಕ್ಕೆ ಎಷ್ಟು ಹೆಚ್ಚು ಕೊಡಬಹುದು ಎಂಬುದೇ ಪ್ರಶ್ನೆ.

ಅಂಗಡಿಯವರು ತಮ್ಮ ಪುಸ್ತಕ ತೆರೆದು, ಹಿಂದಿನ ಒಂದು ವರ್ಷದಲ್ಲಿ ತಮ್ಮಲ್ಲಿ ಕೈಬದಲಾದ ಇಂಥ ಎರಡು ವಿದೇಶೀ ರಿವಾಲ್ವರುಗಳ ಲೆಕ್ಕ ತೋರಿಸಿದರು. ಎರಡೂ ಸುಸ್ಥಿತಿಯವು, ಎರಡಕ್ಕೂ ಮೂರು ಲಕ್ಷದ ಸಮೀಪದ ಬೆಲೆ. ಅದನ್ನೇ ತಳಹದಿಯಾಗಿಟ್ಟುಕೊಂಡು ನಾನು ಪರೀಕ್ಷೆಗೆ ತೊಡಗಿದೆ.

ಮೊದಲು ನಳಿಗೆ. ಬಿಳಿಯ ಕಾಗದವನ್ನು ಹಿಂದೆ ಹಿಡಿದು ಒಳಗೆ ನೋಡಿದರೆ ತಿರುವುಗೆರೆಗಳು ಸ್ಪಷ್ಟವಾಗಿದ್ದುವು. ಕೋಣೆಗಳಲ್ಲಿ ಐದು ನಿರ್ಮಲ. ಒಂದರಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳು. ಮಲೆನಾಡಿನ ಮಳೆಯಲ್ಲಿ ಆಯುಧವನ್ನು ಚರ್ಮದ ಚೀಲದಲ್ಲಿಟ್ಟರೆ ಹೀಗಾಗುತ್ತದೆ. ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಹದ ಮಾಡಿದ ಚರ್ಮದ ಹುಳಿ ಉಕ್ಕನ್ನು ತಿನ್ನುತ್ತದೆ. ಬಳಿಕ ಹೊಡೆಯುವ ಭಾಗ, ನಮ್ಮ ಹಿರಿಯರು ‘ಕುದುರೆ’ ಎನ್ನುತ್ತಿದ್ದುದು. ಅದನ್ನು ಪೂರ್ತಿ ಹಿಂದಕ್ಕೆಳೆದು ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದೆ, ಜಾರಲಿಲ್ಲ. ಜಾರಿದ್ದರೆ ಎಂಥ ಬೆಲೆಗೂ ಅದನ್ನು ಕೊಳ್ಳಬೇಡವೆಂದು ಅಲ್ಲಿಯೇ ಹೇಳಿಬಿಡುತ್ತಿದ್ದೆ. ಆ ಸ್ಥಿತಿಯಲ್ಲಿ ಸಿಲಿಂಡರನ್ನು ಅಲುಗಿಸಿದರೆ ಕೂದಲೆಳೆಯಷ್ಟೇ ಚಲನೆ. ಆದರೆ ನಳಿಗೆ ಮಡಚುವ ಕೀಲಿನಲ್ಲಿ ಸ್ವಲ್ಪ ಸಡಿಲವಿತ್ತು. ಈ ಜಾತಿಯ ರಿವಾಲ್ವರುಗಳಿಗೆ ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಹೊರಮೈ ಹೊಸದರಂತೆ ಹೊಳೆಯುತ್ತಿತ್ತು. ತರುಣ ಅದನ್ನು ಮೆಚ್ಚಿಕೊಂಡಿದ್ದ. ಆ ಹೊಳಪೇ ನನಗೆ ಸಂಶಯ ತಂದಿತು. ಕೆತ್ತಿದ ಅಕ್ಷರಗಳ ಅಂಚು ಸವೆದು ಮೆತ್ತಗಾಗಿತ್ತು. ತಿರುಪುಗಳ ಸುತ್ತ ಲೋಹ ತಗ್ಗಾಗಿತ್ತು. ಯಾರೋ ಅದನ್ನು ತೀಡಿ ಮತ್ತೆ ನೀಲಿಬಣ್ಣ ಹಾಕಿಸಿದ್ದರು. ಬಳಸುವವನಿಗೆ ಇದರಿಂದ ನಷ್ಟವಿಲ್ಲ; ಹಳೆಯದೆಂಬ ಕಾರಣಕ್ಕೆ ಹೆಚ್ಚು ತೆರುವವನಿಗೆ ನಷ್ಟವುಂಟು. ಚೌಕಟ್ಟಿನ ಸಂಖ್ಯೆ, ಸಿಲಿಂಡರಿನ ಸಂಖ್ಯೆ, ಪರವಾನಗಿ ಪುಸ್ತಕದ ಸಂಖ್ಯೆ ಮೂರೂ ಒಂದೇ ಆಗಿದ್ದುವು. ಇದು ಒಳ್ಳೆಯ ಗುಣ.

ಅನಂತರ ಭೂತಗನ್ನಡಿ ಹಿಡಿದು ಮುದ್ರೆಗಳನ್ನು ನೋಡಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ೧೮೧೩ರಲ್ಲಿ ಸ್ಥಾಪಿತವಾದ ಪರೀಕ್ಷಾಲಯವೊಂದಿದೆ. ಅಲ್ಲಿನ ಬಂದೂಕುಗಳು ಮಾರಾಟಕ್ಕೆ ಹೋಗುವ ಮೊದಲು ಅದರಲ್ಲಿ ಹೆಚ್ಚು ಒತ್ತಡದ ತೋಟೆಯಿಂದ ಪರೀಕ್ಷೆಗೊಳಗಾಗಿ ಮುದ್ರೆ ಪಡೆಯಬೇಕು. ನಮ್ಮ ರಿವಾಲ್ವರಿನ ಮೇಲೆ ಕಿರೀಟ, ಅದರ ಕೆಳಗೆ ಬಿ, ಎನ್, ಪಿ ಎಂಬ ಮೂರು ಅಕ್ಷರ. ನಾನು ಕನ್ನಡಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆ ಮುದ್ರೆ ಬಳಕೆಗೆ ಬಂದುದು ೧೯೫೪ರ ನಿಯಮಗಳಿಂದ. ಅದಕ್ಕೆ ಹಿಂದಿನ ಮುದ್ರೆಗಳೇ ಬೇರೆ. ಹೈಫಾ ಕದನ ನಡೆದು ಮೂವತ್ತಾರು ವರ್ಷ ಕಳೆಯುವ ಮುನ್ನ ಈ ಮುದ್ರೆ ಯಾವ ಆಯುಧದ ಮೇಲೂ ಬಿದ್ದಿರಲಾರದು.

ಸ್ನೇಹಿತ ಬದುಕಿದ್ದಾಗ ಇದರ ಮೇಲಿನ ‘ಮಾರ್ಕ್ ೪’ ಎಂಬ ಬರಹವನ್ನು ನನಗೆ ಹೆಮ್ಮೆಯಿಂದ ಹೇಳಿದ್ದುದು ನೆನಪಾಯಿತು. ಮಾರ್ಕ್ ೪ ಸೈನ್ಯಕ್ಕೆ ಬಂದುದು ೧೮೯೯ರಲ್ಲಿ ಎಂದು ಅವನು ಓದಿದ್ದ. ಓದಿದುದು ಸುಳ್ಳಲ್ಲ, ಆದರೆ ಅದು ೦.೪೫೫ರ ಮಾರ್ಕ್ ೪. ಅದೇ ಹೆಸರನ್ನು ಆ ಸಂಸ್ಥೆ ಬಹುಕಾಲದ ಮೇಲೆ ಬಂದ ಚಿಕ್ಕ ರಿವಾಲ್ವರಿಗೂ ಇಟ್ಟಿತು. ಸವಾರನೊಬ್ಬನ ಆಯುಧ ಭರ್ಜಿ, ಕತ್ತಿ, ಬಂದೂಕು. ರಿವಾಲ್ವರು ಅಧಿಕಾರಿಗಳದು ಎಂಬುದನ್ನು ಇತಿಹಾಸದ ಮೇಷ್ಟರಾದ ನಾನು ಮೊದಲೇ ಯೋಚಿಸಬೇಕಾಗಿತ್ತು. ಸ್ನೇಹಿತನ ಮುಖ ನೋಡಿ ಯೋಚಿಸಿರಲಿಲ್ಲ.

ಇಲ್ಲಿ ನನ್ನ ದೌರ್ಬಲ್ಯವನ್ನೂ ಹೇಳಿಬಿಡಬೇಕು. ಆಕೆಯ ಮಗಳು ಆ ವರ್ಷ ಇಂಜಿನಿಯರಿಂಗ್ ಕಾಲೇಜು ಸೇರಬೇಕಾಗಿತ್ತು. ನಾಲ್ಕು ಲಕ್ಷ ಎಂದರೆ ಬಹುಮಟ್ಟಿಗೆ ಆ ವಿದ್ಯಾಭ್ಯಾಸದ ಖರ್ಚು. ತರುಣ ಅನುಕೂಲಸ್ಥ, ಸಂತೋಷದಿಂದ ಕೊಡುತ್ತಿದ್ದ. ಮುದ್ರೆಯ ಅರ್ಥ ಆ ಕೋಣೆಯಲ್ಲಿ ನನಗೂ ಅಂಗಡಿಯವರಿಗೂ ಹೊರತು ಯಾರಿಗೂ ತಿಳಿಯದು. ಅವರು ನನ್ನ ಮುಖವನ್ನು ನೋಡಿದರು, ಏನೂ ಹೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಏನು ಕೆಡುಕಾಗುತ್ತಿತ್ತು ಎಂಬ ಯೋಚನೆ ಬಾರದಿರಲಿಲ್ಲ. ಆದರೆ ನನ್ನನ್ನು ಕರೆದಿದ್ದುದು ಬೆಲೆ ನ್ಯಾಯವೇ ಎಂದು ಹೇಳುವುದಕ್ಕೆ. ಪರವಾನಗಿ ಪುಸ್ತಕವನ್ನೂ ಹಳೆಯ ರಸೀತಿಯನ್ನೂ ಮತ್ತೊಮ್ಮೆ ಕೇಳಿ ನೋಡಿದೆ. ಆಕೆಯ ಮಾವನವರು ಅದನ್ನು ೧೯೬೧ರಲ್ಲಿ ಬೆಂಗಳೂರಿನಲ್ಲಿ ಹೊಸದಾಗಿ ಕೊಂಡಿದ್ದರು. ಅವರು ತೋಟವೊಂದರ ವ್ಯವಸ್ಥಾಪಕರಾಗಿದ್ದು, ವಾರವಾರ ಕೂಲಿಯ ಹಣವನ್ನು ಕಾಡುದಾರಿಯಲ್ಲಿ ತರಬೇಕಾಗಿತ್ತು. ಕಾಗದ ಅಷ್ಟು ವರ್ಷವೂ ಪೆಟ್ಟಿಗೆಯಲ್ಲೇ ಇತ್ತು, ಯಾರೂ ಓದಿರಲಿಲ್ಲ.

ನಾನು ಇಬ್ಬರಿಗೂ ಇದ್ದುದನ್ನು ಇದ್ದಂತೆ ಹೇಳಿದೆ. ಕಥೆಗೆ ಬೆಲೆಯಿಲ್ಲವೆಂದಲ್ಲ. ೨೦೨೩ರಲ್ಲಿ, ಈ ಪ್ರಸಂಗ ನಡೆದ ಮರುವರ್ಷ, ಟಿಪ್ಪು ಸುಲ್ತಾನನ ಶಯನಾಗಾರದ ಕತ್ತಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೂ ಮಿಗಿಲಾಗಿ ಹೋಯಿತು. ಕಥೆಯ ಬೆನ್ನಿಗೆ ದಾಖಲೆ ನಿಂತಿದ್ದರೆ ಬೆಲೆಗೆ ಮಿತಿಯಿಲ್ಲ. ದಾಖಲೆಯೇ ಕಥೆಗೆ ಎದುರಾಗಿ ಸಾಕ್ಷಿ ಹೇಳಿದರೆ ಆ ಕಥೆಗೆ ಒಂದು ಕಾಸೂ ಸಲ್ಲದು.

ಆಮೇಲೆ ಕಾಗದದ ಮೇಲೆ ಲೆಕ್ಕ ಬರೆದೆ. ತಳಹದಿ ಮೂರು ಲಕ್ಷ. ಮತ್ತೆ ಬಣ್ಣ ಹಾಕಿಸಿದುದಕ್ಕೆ ಇಪ್ಪತ್ತೈದು ಸಾವಿರ, ಗುಳಿಬಿದ್ದ ಕೋಣೆಗೆ ಇಪ್ಪತ್ತು ಸಾವಿರ, ಕೀಲಿನ ಸಡಿಲಕ್ಕೆ ಹದಿನೈದು ಸಾವಿರ ಕಳೆಯಬೇಕು. ಒಂದೇ ಮನೆಯಲ್ಲಿದ್ದು ಮೊದಲಿನಿಂದಲೂ ಕಾಗದಪತ್ರ ಸರಿಯಾಗಿರುವುದಕ್ಕೆ ಹತ್ತು ಸಾವಿರ ಕೂಡಿಸಬೇಕು. ಒಟ್ಟು ಎರಡು ಲಕ್ಷ ಐವತ್ತು ಸಾವಿರ. ಅಂಗಡಿಯವರು ಕಾಗದವನ್ನು ನೋಡಿ ತಲೆಯಾಡಿಸಿದರು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಹಾಗಾದರೆ ಇವರ ತಾತ ಹೈಫಾಕ್ಕೆ ಹೋದದ್ದೂ ಸುಳ್ಳೇ?” ಎಂದರು. ಹಣದ ಮಾತನ್ನು ಅವರು ಎತ್ತಲೇ ಇಲ್ಲ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಅವರ ಕಾಲದ ವಸ್ತು ಬೇರೇನಾದರೂ ಇದೆಯೇ ಎಂದು ಕೇಳಿದೆ.

ಆ ಸಂಜೆ ಅವರ ಮನೆಯಲ್ಲಿ ದೇವರ ಪೆಟ್ಟಿಗೆಯ ತಳದಿಂದ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಹೊರಬಂತು. ಅದರಲ್ಲಿ ಕಪ್ಪಗಾದ ಬೆಳ್ಳಿಯ ಪದಕ. ಒಂದು ಕಡೆ ಐದನೆಯ ಜಾರ್ಜ್ ದೊರೆ, ಇನ್ನೊಂದು ಕಡೆ ಕುದುರೆಯ ಮೇಲಿನ ವೀರ. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಪದಕ ಅದು. ಅಂಥ ಪದಕಗಳ ಅಂಚಿನಲ್ಲಿ ಪಡೆದವನ ಹೆಸರನ್ನು ಕೊರೆಯುತ್ತಿದ್ದರು. ಭೂತಗನ್ನಡಿ ಜೇಬಿನಲ್ಲೇ ಇತ್ತು. ಸಂಖ್ಯೆ, ಸವಾರನೆಂಬ ಹುದ್ದೆ, ತಾತನ ಹೆಸರು, ಮೈಸೂರು ಅಶ್ವದಳದ ಹೆಸರು ಎಲ್ಲವೂ ಇದ್ದುವು. ಮಗಳು ಅದನ್ನು ಗಟ್ಟಿಯಾಗಿ ಓದಿದಳು. ತಾತ ಯುದ್ಧಕ್ಕೆ ಹೋದದ್ದು ನಿಜ. ಮಗ ಕೊಂಡ ರಿವಾಲ್ವರು ಅದೇ ಮನೆಯಲ್ಲಿ ಅರವತ್ತು ವರ್ಷ ಕುಳಿತು ಆ ನಿಜಕ್ಕೆ ಹೇಗೋ ಅಂಟಿಕೊಂಡಿತ್ತು. ಯಾರೂ ಬೇಕೆಂದು ಸುಳ್ಳು ಹೇಳಿದವರಲ್ಲ.

ತರುಣ ಎರಡು ಲಕ್ಷ ಐವತ್ತು ಸಾವಿರಕ್ಕೆ ಒಪ್ಪಿದ. ಮಾರುವ ಉದ್ದೇಶವನ್ನು ಬರಹದಲ್ಲಿ ತಿಳಿಸಿ ನಲವತ್ತೈದು ದಿನ ಕಾಯಬೇಕೆಂಬುದು ಕಾನೂನು. ಆ ಅವಧಿಯಲ್ಲಿ ಇಬ್ಬರಲ್ಲಿ ಯಾರೂ ಮನಸ್ಸು ಬದಲಿಸಲಿಲ್ಲ. ಕೊರತೆಬಿದ್ದ ಹಣಕ್ಕೆ ಆಕೆ ಬ್ಯಾಂಕಿನಲ್ಲಿ ಸಾಲ ಮಾಡಿದರು. ಆ ಒಂದೂವರೆ ಲಕ್ಷ ನನ್ನ ಮನಸ್ಸಿನಲ್ಲಿ ಈಗಲೂ ಆಗಾಗ ಚುಚ್ಚುತ್ತದೆ. ಪದಕಕ್ಕೂ ತರುಣ ಬೆಲೆ ಕೇಳಿದ. ಆಕೆ ಅದನ್ನು ಕೊಡುವುದಿಲ್ಲವೆಂದರು.

ಮುಂದೊಮ್ಮೆ ಆತ ಸಿಕ್ಕಿದಾಗ ಒಂದು ಮಾತು ಹೇಳಿದ: “ಮುದ್ರೆಯ ವಿಷಯ ನನಗೆ ಆಮೇಲೆ ಬೇರೆಲ್ಲಿಂದಲೋ ತಿಳಿದಿದ್ದರೆ, ಆ ಮುದುಕರು ಯುದ್ಧಕ್ಕೆ ಹೋದದ್ದನ್ನೂ ನಾನು ನಂಬುತ್ತಿರಲಿಲ್ಲ ಸಾರ್.” ಇದು ನನಗೆ ಹೊಳೆದಿರಲಿಲ್ಲ.

ಕಳೆದ ಸಲ ಆ ಮನೆಗೆ ಹೋದಾಗ ಪದಕ ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಉಜ್ಜಿ ಹೊಳಪು ಮಾಡಬೇಡಿರೆಂದು ನಾನು ಹೇಳಿದ್ದೆ, ಕಪ್ಪಾಗಿಯೇ ಇತ್ತು. ಅದರ ಕೆಳಗೆ ಮಗಳು ತನ್ನ ಕೈಯಿಂದ ಅಂಚಿನಲ್ಲಿದ್ದ ಅಕ್ಷರಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದಳು. ಅದರಲ್ಲಿ ರಿವಾಲ್ವರಿನ ಮಾತಿರಲಿಲ್ಲ.