ತಂತಿಯಿಲ್ಲದ ಜಾಲ: ಕೊನೆಯ ಕೋಣೆಯವರೆಗೆ ತಲುಪಿಸುವುದು ಹೇಗೆ?

ಧರ್ಮಭಗಿನಿಯರು ನಡೆಸುವ ವಿದ್ಯಾರ್ಥಿನಿಯರ ನಿಲಯವೊಂದಕ್ಕೆ ನಾವು ಒಮ್ಮೆ ಸಂಜೆ ಹೊತ್ತಿಗೆ ಭೇಟಿ ನೀಡಿದ್ದೆವು. ಮಹಡಿಯ ಮೆಟ್ಟಿಲುಗಳ ಮೇಲೆ ಹತ್ತು ಹನ್ನೆರಡು ಹುಡುಗಿಯರು ಪುಸ್ತಕ, ಮೊಬೈಲ್ ಹಿಡಿದು ಸಾಲಾಗಿ ಕುಳಿತಿದ್ದರು. ಕೋಣೆಯಲ್ಲಿ ಕುಳಿತು ಓದಬಾರದೇ ಎಂದು ಕೇಳಿದರೆ, "ಫಾದರ್, ವೈಫೈ ಇಲ್ಲಿಯವರೆಗೆ ಮಾತ್ರ ಬರುತ್ತದೆ" ಎಂಬ ಉತ್ತರ ಬಂತು. ನಿಲಯಕ್ಕೆ ವೈಫೈ ಹಾಕಿಸಿ ಆಗಿತ್ತು, ಹಣವೂ ಖರ್ಚಾಗಿತ್ತು. ಉಪಕರಣ ಮಾತ್ರ ಕಚೇರಿಯ ಕಪಾಟಿನ ಮೇಲಿತ್ತು.

ನಮ್ಮ ಕರಾವಳಿಯಲ್ಲಿ ಧರ್ಮಸಭೆಯ ಆಶ್ರಯದಲ್ಲಿ ನಡೆಯುವ ಶಾಲೆ, ಕಾಲೇಜು, ವಿದ್ಯಾರ್ಥಿ ನಿಲಯಗಳು ಅನೇಕ. ಅಲ್ಲಿ ವೈಫೈ ಇಂದು ಅಲಂಕಾರವಲ್ಲ, ಅಗತ್ಯ. ಆದರೆ ಇಡೀ ಕ್ಯಾಂಪಸ್ಸಿಗೆ ಜಾಲ ಹಾಕುವುದೆಂದರೆ ಮನೆಗೊಂದು ರೂಟರ್ ತಂದಿಟ್ಟಂತಲ್ಲ. ಈ ಪಾಠವನ್ನು ಬಹಳ ಮೊದಲೇ ಕಲಿತ ಒಂದು ವಿಶ್ವವಿದ್ಯಾನಿಲಯದ ಅನುಭವ ನಮ್ಮ ಸಂಸ್ಥೆಗಳನ್ನು ನಡೆಸುವವರಿಗೆ ಉಪಯೋಗವಾದೀತು ಎಂದು ಇಲ್ಲಿ ವಿವರಿಸುತ್ತಿದ್ದೇವೆ.

ಪಿಟ್ಸ್‌ಬರ್ಗ್‌ನ ಪ್ರಯೋಗ

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯವಿದೆ. ಅದರ ತಂತಿಯ ಕಂಪ್ಯೂಟರ್ ವ್ಯವಸ್ಥೆಗೆ ಆಂಡ್ರ್ಯೂ ಕಾರ್ನೆಗಿ ಮತ್ತು ಆಂಡ್ರ್ಯೂ ಮೆಲನ್ ಅವರ ನೆನಪಿಗೆ 'ಆಂಡ್ರ್ಯೂ' ಎಂದು ಹೆಸರಿಡಲಾಗಿತ್ತು. 1993ರಲ್ಲಿ ಅಲೆಕ್ಸ್ ಹಿಲ್ಸ್ ಅವರ ನೇತೃತ್ವದಲ್ಲಿ ಅಲ್ಲಿ 'ವೈರ್‌ಲೆಸ್ ಆಂಡ್ರ್ಯೂ' ಯೋಜನೆ ಆರಂಭವಾಯಿತು. ಆಗ ವೈಫೈ ಎಂಬ ಪದವೇ ಹುಟ್ಟಿರಲಿಲ್ಲ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಕೆಲವು ರೇಡಿಯೋ ತರಂಗಾಂತರಗಳನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿದ್ದರಿಂದ ಇಂಥ ಪ್ರಯೋಗ ಸಾಧ್ಯವಾಯಿತು. ನಮ್ಮ ದೇಶದಲ್ಲಿ ವೈಫೈಗೆ ಬೇಕಾದ 2.4 ಗಿಗಾಹರ್ಟ್ಸ್ ಪಟ್ಟಿಗೆ ಇಂಥ ವಿನಾಯಿತಿಯ ನಿಯಮ ಬಂದದ್ದು 2005ರ ಜನವರಿಯಲ್ಲಿ.

ಪಿಟ್ಸ್‌ಬರ್ಗ್‌ನಲ್ಲಿ ಮೊದಲು ಸಂಶೋಧನೆಗಾಗಿ ಕೆಲವು ಕಟ್ಟಡಗಳಿಗೆ ಮಾತ್ರ ಜಾಲ ಹಾಕಿದರು. 1997ರಲ್ಲಿ ಎಲ್ಲ ಕಂಪೆನಿಗಳ ಉಪಕರಣಗಳಿಗೂ ಅನ್ವಯಿಸುವ ತಾಂತ್ರಿಕ ಮಾನದಂಡ ಬಂತು. 1999ರಲ್ಲಿ ಸೆಕೆಂಡಿಗೆ 11 ಮೆಗಾಬಿಟ್ ವೇಗದ ಹೊಸ ಮಾನದಂಡ ಬಂದಾಗ ಜಾಲವನ್ನು ಇಡೀ ಕ್ಯಾಂಪಸ್ಸಿಗೆ ವಿಸ್ತರಿಸಿದರು. ಸಣ್ಣದಾಗಿ ಆರಂಭಿಸಿ, ತಪ್ಪುಗಳಿಂದ ಕಲಿತು, ಆಮೇಲೆ ದೊಡ್ಡದು ಮಾಡಿದ್ದು ಇಲ್ಲಿನ ಮೊದಲ ಪಾಠ.

ಮೊದಲು ನಡಿಗೆ, ಆಮೇಲೆ ಖರೀದಿ

ನಮ್ಮ ಹಳೆಯ ಇಗರ್ಜಿಗಳಲ್ಲಿ ಧ್ವನಿವರ್ಧಕ ಅಳವಡಿಸಿದವರಿಗೆ ಒಂದು ವಿಷಯ ಗೊತ್ತು. ಪೀಠದ ಬಳಿ ಒಂದೇ ದೊಡ್ಡ ಸ್ಪೀಕರ್ ಇಟ್ಟು ಎಷ್ಟು ಜೋರು ಮಾಡಿದರೂ ಹಿಂದಿನ ಬೆಂಚಿನವರಿಗೆ ಪ್ರತಿಧ್ವನಿ ಕೇಳೀತೇ ಹೊರತು ಪ್ರಸಂಗ ಕೇಳಿಸದು. ಕಂಬಕ್ಕೊಂದು ಸಣ್ಣ ಸ್ಪೀಕರ್ ಇಟ್ಟರೆ ಎಲ್ಲರಿಗೂ ಕೇಳಿಸುತ್ತದೆ. ವೈಫೈ ಸಂಗತಿಯೂ ಹೀಗೆಯೇ. ಒಂದು ಪ್ರಬಲ ಉಪಕರಣಕ್ಕಿಂತ ಸರಿಯಾದ ಸ್ಥಳಗಳಲ್ಲಿಟ್ಟ ಹಲವು ಸಾಧಾರಣ ಉಪಕರಣಗಳು ಮೇಲು.

ಸರಿಯಾದ ಸ್ಥಳ ಯಾವುದು ಎಂಬುದನ್ನು ನಕ್ಷೆ ನೋಡಿ ಮಾತ್ರ ಹೇಳಲಾಗದು. ರೇಡಿಯೋ ಅಲೆಗಳು ಗೋಡೆಗೆ ಬಡಿದು ಹಿಂದಿರುಗುತ್ತವೆ, ಕಬ್ಬಿಣದ ಕಪಾಟಿನ ಹಿಂದೆ ಸಾಯುತ್ತವೆ, ನಿರೀಕ್ಷಿಸದ ಕಡೆ ಹೋಗಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಹಿಲ್ಸ್ ಅವರ ತಂಡ ತಾತ್ಕಾಲಿಕವಾಗಿ ಉಪಕರಣವಿಟ್ಟು, ಅಳತೆಯ ಸಾಧನದೊಂದಿಗೆ ನಡೆದಾಡಿ, ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆಂದು ಗುರುತಿಸಿ, ಬೇಕಾದಲ್ಲಿ ಸ್ಥಳ ಬದಲಾಯಿಸುತ್ತಿತ್ತು. ಮುಂದೆ ಈ ಅಳತೆಗಾಗಿಯೇ 'ರೋಲಬೌಟ್' ಎಂಬ ಗಾಲಿಬಂಡಿಯೂ ತಯಾರಾಯಿತು.

ನಮ್ಮ ಕಟ್ಟಡಗಳ ದಪ್ಪನೆಯ ಕೆಂಪುಕಲ್ಲಿನ ಗೋಡೆಗಳು ಸಿಗ್ನಲನ್ನು ಬಹಳಷ್ಟು ನುಂಗುತ್ತವೆ. ಮನುಷ್ಯರ ದೇಹದಲ್ಲಿರುವ ನೀರೂ ಅದನ್ನು ಹೀರುತ್ತದೆ. ರಜೆಯಲ್ಲಿ ಖಾಲಿ ಸಭಾಂಗಣದಲ್ಲಿ ಮಾಡಿದ ಅಳತೆ ಐನೂರು ಮಕ್ಕಳು ಕುಳಿತ ದಿನ ಸುಳ್ಳಾಗಬಹುದು.

ಮೂರು ಬಣ್ಣದ ವಾಳೆಗಳು

ಹಾಗಾದರೆ ಕೋಣೆಗೊಂದು ಉಪಕರಣ ಇಟ್ಟುಬಿಟ್ಟರಾಯಿತಲ್ಲ ಎಂದು ಕೇಳಬಹುದು. ಅಲ್ಲಿಯೂ ತೊಡಕಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಿಯಾಗದ ಚಾನೆಲ್‌ಗಳೆಂದು ಸಾಮಾನ್ಯವಾಗಿ ಬಳಸುವುದು ಮೂರನ್ನು ಮಾತ್ರ: 1, 6 ಮತ್ತು 11. ಪಕ್ಕಪಕ್ಕದ ಎರಡು ಉಪಕರಣಗಳು ಒಂದೇ ಚಾನೆಲ್‌ನಲ್ಲಿದ್ದರೆ ಒಂದು ಮಾತನಾಡುವಾಗ ಇನ್ನೊಂದು ಬಾಯಿ ಮುಚ್ಚಿ ಕಾಯಬೇಕು. ಚಾನೆಲ್‌ಗಳು ಅರ್ಧಂಬರ್ಧ ಒಂದರ ಮೇಲೊಂದು ಬಿದ್ದರಂತೂ ಎರಡು ಬ್ಯಾಂಡ್ ತಂಡಗಳು ಒಂದೇ ಮೆರವಣಿಗೆಯಲ್ಲಿ ಬೇರೆಬೇರೆ ಹಾಡು ನುಡಿಸಿದಂತೆ.

ಚರ್ಚಿನ ವಾಳೆಗಳ ನಕ್ಷೆಗೆ ಬಣ್ಣ ತುಂಬುತ್ತಿದ್ದೇವೆ ಎಂದುಕೊಳ್ಳಿ. ಅಕ್ಕಪಕ್ಕದ ಎರಡು ವಾಳೆಗಳಿಗೆ ಒಂದೇ ಬಣ್ಣ ಬರಬಾರದು, ಕೈಯಲ್ಲಿರುವುದು ಮೂರೇ ಬಣ್ಣ. ಕ್ಯಾಂಪಸ್ ಜಾಲದ ಯೋಜಕರ ಕೆಲಸವೂ ಇದೇ, ಆದರೆ ಇಲ್ಲಿ ಮಹಡಿಯ ಮೇಲೆ ಮಹಡಿ ಇರುವುದರಿಂದ ಕೆಳಗಿನ ಮತ್ತು ಮೇಲಿನ ನೆರೆಯವರನ್ನೂ ಗಮನಿಸಬೇಕು. ಈಚಿನ ಉಪಕರಣಗಳು 5 ಗಿಗಾಹರ್ಟ್ಸ್ ಪಟ್ಟಿಯನ್ನೂ ಬಳಸುತ್ತವೆ. ಅಲ್ಲಿ ಚಾನೆಲ್‌ಗಳು ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಸಿಗ್ನಲ್ ಇದ್ದರೂ ಸಾಲು ಕರಗದು

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಮೊಬೈಲಿನಲ್ಲಿ ವೈಫೈಯ ಎಲ್ಲ ಗೆರೆಗಳೂ ಕಾಣುತ್ತವೆ, ಆದರೂ ಪುಟ ತೆರೆಯುವುದಿಲ್ಲ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಪರಮಪ್ರಸಾದ ನೀಡಲು ಒಬ್ಬರೇ ಗುರುಗಳಿದ್ದರೆ ಏನಾಗುತ್ತದೆ? ಗುರುಗಳು ಎಲ್ಲರಿಗೂ ಕಾಣುತ್ತಾರೆ, ಆದರೆ ಸಾಲು ಮುಂದೆ ಹೋಗುವುದಿಲ್ಲ. ವೈಫೈ ಉಪಕರಣದ ವೇಗವನ್ನು ಅದಕ್ಕೆ ಜೋಡಿಸಿಕೊಂಡ ಎಲ್ಲರೂ ಹಂಚಿಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲೆ ಬರೆದ ವೇಗ ಒಬ್ಬೊಬ್ಬರಿಗೆ ಸಿಗುವ ವೇಗವಲ್ಲ. ಹಾಗಾಗಿ ಕಾರಿಡಾರ್‌ಗೆ ಕಡಿಮೆ ಸಾಕು, ಆದರೆ ಗ್ರಂಥಾಲಯ, ದೊಡ್ಡ ತರಗತಿ, ನಿಲಯದ ಓದುವ ಕೋಣೆಗಳಿಗೆ ಜನರ ಸಂಖ್ಯೆ ಲೆಕ್ಕ ಹಾಕಿ ಹೆಚ್ಚು ಉಪಕರಣ ಇಡಬೇಕಾಗುತ್ತದೆ.

ತಂತಿಯಿಲ್ಲದ ಜಾಲಕ್ಕೂ ತಂತಿ ಬೇಕು

ಹೆಸರು ತಂತಿರಹಿತವಾದರೂ ಕ್ಯಾಂಪಸ್ ಜಾಲದಲ್ಲಿ ಸಾಮಾನ್ಯವಾಗಿ ಪ್ರತಿ ಉಪಕರಣಕ್ಕೂ ಹಿಂದಿನಿಂದ ಒಂದು ಕೇಬಲ್ ಬರುತ್ತದೆ. 2003ರಿಂದ ಅದೇ ಕೇಬಲ್‌ನಲ್ಲಿ ವಿದ್ಯುತ್ತನ್ನೂ ಕಳುಹಿಸುವ ಮಾನದಂಡ ಇರುವುದರಿಂದ ಚಾವಣಿಯಲ್ಲಿ ಬೇರೆ ಪ್ಲಗ್ ಬೇಕಿಲ್ಲ. ಇಂಥ ತಾಮ್ರದ ಕೇಬಲ್ 100 ಮೀಟರ್ ಮೀರಬಾರದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ ಆಪ್ಟಿಕಲ್ ಫೈಬರ್ ಹಾಕಿಸುವುದೇ ವಿವೇಕ. ನಮ್ಮ ಕಡೆಯ ಸಿಡಿಲಿನ ಆರ್ಭಟ ಎಲ್ಲರಿಗೂ ಗೊತ್ತು. ಗಾಜಿನ ಫೈಬರ್ ವಿದ್ಯುತ್ತನ್ನು ಹರಿಯಬಿಡುವುದಿಲ್ಲ, ತಾಮ್ರದ ತಂತಿ ಸಿಡಿಲನ್ನು ಎರಡೂ ಕಟ್ಟಡಗಳಿಗೆ ಹಂಚುತ್ತದೆ.

ಬೀಗವೂ ಬೇಕು. ವೈಫೈಯ ಮೊದಲ ಭದ್ರತಾ ವಿಧಾನವನ್ನು 2001ರಲ್ಲಿಯೇ ತಜ್ಞರು ಮುರಿದು ತೋರಿಸಿದರು. 2008ರಲ್ಲಿ ಅಹಮದಾಬಾದ್ ಸ್ಫೋಟಗಳ ಸಂದರ್ಭ ನವಿ ಮುಂಬಯಿಯ ಮನೆಯೊಂದರ ವೈಫೈಯನ್ನು ಅನ್ಯರು ಬಳಸಿ ಬೆದರಿಕೆಯ ಇಮೇಲ್ ಕಳುಹಿಸಿದ್ದು ದೇಶಕ್ಕೇ ಸುದ್ದಿಯಾಗಿತ್ತು. ಇಡೀ ಸಂಸ್ಥೆಗೆ ಒಂದೇ ಪಾಸ್‌ವರ್ಡ್ ಬರೆದು ಗೋಡೆಗೆ ಅಂಟಿಸುವ ಬದಲು ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ನೀಡುವುದು ಮಕ್ಕಳ ಹಿತಕ್ಕೂ ಸಂಸ್ಥೆಯ ಹಿತಕ್ಕೂ ಒಳ್ಳೆಯದು.

ಯಾರಿಗಾಗಿ ಈ ಜಾಲ?

2002ರ ಫೆಬ್ರವರಿಯಲ್ಲಿ ವ್ಯಾಟಿಕನ್‌ನ ಸಾಮಾಜಿಕ ಸಂಪರ್ಕ ಮಂಡಳಿ ಅಂತರಜಾಲದ ನೈತಿಕತೆಯ ಬಗ್ಗೆ ಒಂದು ದಾಖಲೆಯನ್ನು ಹೊರಡಿಸಿತು. ಸಂಪರ್ಕ ಉಳ್ಳವರು ಮತ್ತು ಇಲ್ಲದವರ ನಡುವಿನ ಕಂದಕವನ್ನು ಅದು ಆಗಲೇ ಎತ್ತಿ ತೋರಿಸಿತ್ತು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಕರಾವಳಿ, ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ ಕೊಡೆ ಹಿಡಿದು ಪಾಠ ಕೇಳಿದಾಗ ಆ ಕಂದಕ ನಮ್ಮ ಕಣ್ಣಿಗೂ ಬಿತ್ತು. ಡೇಟಾ ಪ್ಯಾಕ್ ಕೊಳ್ಳಬಲ್ಲ ವಿದ್ಯಾರ್ಥಿಗೆ ಕ್ಯಾಂಪಸ್ ವೈಫೈ ಕೈಕೊಟ್ಟರೂ ನಷ್ಟವಿಲ್ಲ. ಕೊಳ್ಳಲಾಗದವಳಿಗೆ ಅದೊಂದೇ ದಾರಿ. ಕಚೇರಿಯಲ್ಲಿ ಐದು ಗೆರೆ, ಕೊನೆಯ ಕೋಣೆಯಲ್ಲಿ ಸೊನ್ನೆ ಎಂದಾದರೆ ನಾವು ಯಾರಿಗಾಗಿ ಖರ್ಚು ಮಾಡಿದೆವು ಎಂದು ಕೇಳಿಕೊಳ್ಳಬೇಕು.

ಗೋಪುರ ಕಟ್ಟುವ ಮೊದಲು ಕುಳಿತು ಲೆಕ್ಕ ಹಾಕಬೇಕಾದವನ ಸಾಮತಿ ನಮಗೆಲ್ಲ ಪರಿಚಿತ. ಹಾಗೆಯೇ, ಕೊಟೇಶನ್‌ಗೆ ಸಹಿ ಹಾಕುವ ಮೊದಲು ಸಂಸ್ಥೆಯ ಮುಖ್ಯಸ್ಥರು ಕಟ್ಟಡದ ನಕ್ಷೆ ಹಿಡಿದು ಒಂದು ಸುತ್ತು ನಡೆಯಲಿ. ಪ್ರತಿ ಕೋಣೆಯಲ್ಲಿ ಎಷ್ಟು ಮಂದಿ, ಯಾವ ಹೊತ್ತಿನಲ್ಲಿ ಎಂದು ಬರೆದುಕೊಳ್ಳಲಿ. ಕೆಲಸ ಮುಗಿದ ಮೇಲೆ, ಮಕ್ಕಳೆಲ್ಲ ಕೋಣೆಯಲ್ಲಿರುವ ರಾತ್ರಿ ಹೊತ್ತಿನಲ್ಲಿ, ಅತ್ಯಂತ ದೂರದ ಕೋಣೆಯಲ್ಲಿ ಅಳತೆ ಮಾಡಿಸಲಿ. ಕಂತಿನ ಕೊನೆಯ ಹಣ ಅದರ ನಂತರ ಕೊಟ್ಟರಾಯಿತು.

ನಾವು ಭೇಟಿ ನೀಡಿದ ಆ ನಿಲಯದಲ್ಲಿ ಆಮೇಲೆ ಮಹಡಿಗೆರಡು ಉಪಕರಣ ಹಾಕಿಸಿದ್ದಾರೆ. ಈಗ ಸಂಜೆ ಮೆಟ್ಟಿಲುಗಳು ಖಾಲಿ ಇರುತ್ತವೆ.